ಎರಡನೆಯವರಿಗಾಗಿ ಬರೆಯಿರಿ: ಆನ್‌ಲೈನ್ ಹರಾಜಿನ ಲಿಸ್ಟಿಂಗ್ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಹರಾಜಿನಲ್ಲಿ ವಸ್ತುವನ್ನು ಮನೆಗೆ ಒಯ್ಯುವವರು ಒಬ್ಬರು. ಅದರ ಬೆಲೆ ನಿರ್ಧರಿಸುವವರು ಇನ್ನೊಬ್ಬರು, ಅಂದರೆ ಕೊನೆಯವರೆಗೂ ಪೈಪೋಟಿಗೆ ನಿಂತು ಸೋತವರು. ಲಿಸ್ಟಿಂಗ್, ಅಂದರೆ ಮಾರುವ ವಸ್ತುವಿನ ವಿವರವಿರುವ ಪುಟ, ಬರೆಯುವಾಗ ನಾವು ಮರೆಯುವುದು ಈ ಎರಡನೆಯವರನ್ನೇ.

ಈಬೇಯಂಥ ತಾಣಗಳಲ್ಲಿ ಬಿಡ್ ಹಾಕುವವರು, ಅಂದರೆ ಬೆಲೆ ಕೂಗುವವರು, ತಾವು ಎಷ್ಟರವರೆಗೆ ಹೋಗಬಲ್ಲೆವು ಅನ್ನುವುದನ್ನು ಗುಟ್ಟಾಗಿ ನಮೂದಿಸಿ ಸುಮ್ಮನಾಗುತ್ತಾರೆ. ಅವರ ಪರವಾಗಿ ಕಂಪ್ಯೂಟರ್ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ಒಬ್ಬರ ಮಿತಿ 900, ಇನ್ನೊಬ್ಬರದು 400 ಅಂದುಕೊಳ್ಳಿ. ಹರಾಜು 400ಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ನಿಂತುಬಿಡುತ್ತದೆ. 900 ಕೊಡಲು ತಯಾರಿದ್ದವರು ಒಳಗೊಳಗೇ ನಗುತ್ತಾ ಪಾರ್ಸಲ್‌ಗೆ ಕಾಯುತ್ತಾರೆ. ಎರಡನೆಯವರು 400ರ ಬದಲು 800ರ ತನಕ ಬಂದಿದ್ದರೆ ನಿಮಗೆ ಸಿಗುವ ಹಣ ಸರಿಸುಮಾರು ದುಪ್ಪಟ್ಟಾಗುತ್ತಿತ್ತು. ಗೆದ್ದವರು ಎರಡನೇ ಅತಿ ಹೆಚ್ಚಿನ ಬಿಡ್‌ನ ಮೊತ್ತ ಕೊಡುವ ಹರಾಜನ್ನು ವಿಲಿಯಂ ವಿಕ್ರಿ 1961ರಲ್ಲೇ ಲೆಕ್ಕ ಹಾಕಿ ವಿವರಿಸಿದ್ದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮೊದಲನೆಯವರಿಗೆ ನಿಮ್ಮ ವಸ್ತುವಿನ ಮೇಲೆ ಆಗಲೇ ಆಸೆ ಹುಟ್ಟಿದೆ. ಅವರಿಗೆ ಮಾಡೆಲ್ ಗೊತ್ತು, ರಿಪೇರಿ ಗೊತ್ತು. ಫೋಟೋ ಮಸುಕಾಗಿದ್ದರೂ ಕೊಳ್ಳುತ್ತಾರೆ. ಎರಡನೆಯವರಿಗೆ ಆಸೆಯ ಜೊತೆ ಅನುಮಾನವೂ ಇದೆ. ಪ್ರತಿ ಅನುಮಾನಕ್ಕೂ ಅವರು ಮನಸ್ಸಿನಲ್ಲೇ ಒಂದಿಷ್ಟು ಬೆಲೆ ಕಡಿಮೆ ಮಾಡುತ್ತಾರೆ. ಆ ಅನುಮಾನಗಳನ್ನು ಒಂದೊಂದಾಗಿ ಕಳೆಯುವುದೇ ಲಿಸ್ಟಿಂಗ್‌ನ ಕೆಲಸ. ಹೊಗಳುವುದಲ್ಲ.

ನಾನಿದನ್ನು ಕಲಿತದ್ದು ಕೈ ಸುಟ್ಟುಕೊಂಡು. ಮೊದಲ ಸಲ ಒಂದು ಹಳೇ ಫಿಲ್ಮ್ ಕ್ಯಾಮೆರಾ ಹರಾಜಿಗೆ ಹಾಕಿದಾಗ ಟೈಟಲ್‌ನಲ್ಲಿ ‘ಹಳೇ ಕ್ಯಾಮೆರಾ, ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಎರಡು ಫೋಟೋ. ಏಳು ದಿನಕ್ಕೆ ಬಂದದ್ದು ಒಂದೇ ಬಿಡ್. ಆರಂಭದ ಬೆಲೆಗೇ ಹೋಯಿತು. ಕೊಂಡವರು ‘ತುಂಬಾ ಥ್ಯಾಂಕ್ಸ್’ ಅಂತ ಬರೆದಿದ್ದರು. ಅದೇ ಮಾಡೆಲ್ ಬೇರೆಯವರ ಕೈಯಲ್ಲಿ ಮೂರು ಪಟ್ಟು ಬೆಲೆಗೆ ಹೋಗಿದ್ದನ್ನು ಆಮೇಲೆ ನೋಡಿದಾಗ ಆ ಥ್ಯಾಂಕ್ಸ್ ಅರ್ಥವಾಯಿತು. ಈ ಬರಹದುದ್ದಕ್ಕೂ ಅದೇ ಮಾಡೆಲ್ ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಪೆಂಟ್ಯಾಕ್ಸ್ ಕೆ1000. ನೀವು ಮಾರುವುದು ಗಡಿಯಾರವೋ ಗಿಟಾರೋ ಆಗಿದ್ದರೂ ದಾರಿ ಒಂದೇ.

ಮೊದಲು: ಇದು ಹರಾಜಿನ ವಸ್ತುವೇ?

ಸಾವಿರ ಅಂಗಡಿಗಳಲ್ಲಿ ಒಂದೇ ಬೆಲೆಗೆ ಸಿಗುವ ಹೊಸ ಚಾರ್ಜರ್ ಅನ್ನು ಹರಾಜು ಹಾಕುವುದರಲ್ಲಿ ಅರ್ಥವಿಲ್ಲ. ಅದನ್ನು ನಿಗದಿತ ಬೆಲೆಗೆ ಮಾರಿ. ಬೆಲೆ ಇಷ್ಟೇ ಅಂತ ಹೇಳಲಾಗದ, ಆದರೆ ಕನಿಷ್ಠ ಇಬ್ಬರಿಗಾದರೂ ಬೇಕೇ ಬೇಕು ಅನ್ನಿಸುವ ವಸ್ತುವಿಗೆ ಹರಾಜು ಸರಿ. ಹಳೆಯದು, ಉತ್ಪಾದನೆ ನಿಂತದ್ದು, ಸಂಗ್ರಹಕಾರರು ಹುಡುಕುವುದು, ಬಿಡಿಭಾಗಕ್ಕೆ ಬೇಡಿಕೆ ಇರುವುದು.

ಅಂಥ ಇಬ್ಬರು ಇದ್ದಾರೋ ಇಲ್ಲವೋ ತಿಳಿಯಲು ಮಾರಾಟವಾಗಿ ಮುಗಿದ ಲಿಸ್ಟಿಂಗ್‌ಗಳನ್ನು ನೋಡಿ. ಹುಡುಕಾಟದ ಫಿಲ್ಟರ್‌ನಲ್ಲಿ ಆ ಆಯ್ಕೆ ಇರುತ್ತದೆ. ಈಗ ನಡೆಯುತ್ತಿರುವ ಲಿಸ್ಟಿಂಗ್‌ಗಳ ಬೆಲೆ ನೋಡಿ ಮರುಳಾಗಬೇಡಿ. ಅದು ಮಾರುವವರ ಆಸೆ ಅಷ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಒಂದೇ ಮಾಡೆಲ್‌ನ ಅತಿ ಹೆಚ್ಚು ಬೆಲೆಗೆ ಹೋದ ಮೂರು, ಅತಿ ಕಡಿಮೆಗೆ ಹೋದ ಮೂರು ಲಿಸ್ಟಿಂಗ್‌ಗಳನ್ನು ಪಕ್ಕಪಕ್ಕ ತೆರೆದಿಡಿ. ಎಷ್ಟೋ ಸಲ ವಸ್ತುವಿನ ಸ್ಥಿತಿಯಲ್ಲಿ ಅಂಥ ವ್ಯತ್ಯಾಸವೇ ಇರುವುದಿಲ್ಲ. ವ್ಯತ್ಯಾಸ ಬರೆದದ್ದರಲ್ಲಿ, ತೋರಿಸಿದ್ದರಲ್ಲಿ.

ಆಮೇಲೆ: ವಸ್ತುವಿನ ಜೊತೆ ಒಂದು ಗಂಟೆ

ಬರೆಯಲು ಕೂರುವ ಮುಂಚೆ ವಸ್ತುವನ್ನು ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ. ಈ ಹೆಜ್ಜೆ ಬಿಟ್ಟವರು ಕೊನೆಗೆ ‘ಸೂಪರ್ ಕಂಡೀಶನ್’ ಅಂತ ಬರೆಯುತ್ತಾರೆ. ಬರೆಯಲು ಅವರ ಹತ್ತಿರ ಬೇರೇನೂ ಇರುವುದಿಲ್ಲ.

ಕೆ1000 ತಯಾರಾದದ್ದು 1976ರಿಂದ 1997ರವರೆಗೆ. ಪೂರ್ತಿ ಮೆಕ್ಯಾನಿಕಲ್. ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ, ಅದಿಲ್ಲದೆಯೂ ಶಟರ್ (ಫಿಲ್ಮ್ ಮೇಲೆ ಬೆಳಕು ಬಿಡುವ ಪರದೆ) ಕೆಲಸ ಮಾಡುತ್ತದೆ. ಹಾಗಾಗಿ, ಆಮೇಲೆ ಮಾರಲು ತೆಗೆದ ಅದೇ ಮಾಡೆಲ್‌ನ ಎರಡನೇ ಕ್ಯಾಮೆರಾವನ್ನು ನಾನು ಪರೀಕ್ಷಿಸಿದ್ದು ಹೀಗೆ. ಒಂದು ಸೆಕೆಂಡ್‌ನಿಂದ 1/1000 ಸೆಕೆಂಡ್‌ವರೆಗೆ ಪ್ರತಿ ವೇಗದಲ್ಲೂ ಶಟರ್ ಒತ್ತಿ ಕಿವಿಗೊಟ್ಟೆ. ನಿಧಾನದ ವೇಗಗಳಲ್ಲಿ ಶಟರ್ ಅಂಟಿಕೊಳ್ಳುವುದು ಹಳೇ ಕ್ಯಾಮೆರಾಗಳ ಮಾಮೂಲಿ ಕಾಯಿಲೆ. ಹೊಸ ಬ್ಯಾಟರಿ ಹಾಕಿ ಕಿಟಕಿಯ ಕಡೆ ಹಿಡಿದೆ, ಮೀಟರ್‌ನ ಮುಳ್ಳು ಮೇಲೆದ್ದಿತು. ಕೈ ಅಡ್ಡ ಇಟ್ಟೆ, ಇಳಿಯಿತು. ಹಿಂದಿನ ಬಾಗಿಲು ತೆರೆದು, ಬೆಳಕು ಒಳನುಸುಳದಂತೆ ತಡೆಯುವ ಅಂಚಿನ ಫೋಮ್ ಮುಟ್ಟಿದೆ, ಬೆರಳಿಗೆ ಕಪ್ಪಗೆ ಅಂಟಿತು. ಅಂದರೆ ಅದನ್ನು ಬದಲಿಸಬೇಕು. ಲೆನ್ಸ್‌ನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿದೆ. ಫಂಗಸ್ ಇದ್ದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ಇರಲಿಲ್ಲ, ಒಂದಿಷ್ಟು ಧೂಳು ಇತ್ತು. ಮುಂಭಾಗದಲ್ಲಿ ‘ಅಸಾಹಿ’ ಅನ್ನುವ ಹೆಸರು ಕೆತ್ತಿತ್ತೋ ಇಲ್ಲವೋ ನೋಡಿದೆ. ಮೊದಮೊದಲ ಜಪಾನ್ ತಯಾರಿಕೆಯಲ್ಲಿ ಅದಿರುತ್ತದೆ, ಸಂಗ್ರಹಕಾರರು ಅದನ್ನೇ ಹುಡುಕುತ್ತಾರೆ.

ಇಷ್ಟೆಲ್ಲ ಒಂದು ಪುಟ ಆಯಿತು. ಲಿಸ್ಟಿಂಗ್‌ನ ಮುಕ್ಕಾಲು ಪಾಲು ಅದರಲ್ಲೇ ಇದೆ.

ಟೈಟಲ್: ಹುಡುಕುವವರ ಬಾಯಲ್ಲಿರುವ ಪದಗಳು

ಟೈಟಲ್ ಓದುವುದು ಮೊದಲು ಸರ್ಚ್, ಆಮೇಲೆ ಮನುಷ್ಯರು. ‘ಅದ್ಭುತ’, ‘ಅಪರೂಪ’, ‘ನೋಡಿ ನೋಡಿ’ ಅಂತ ಯಾರೂ ಟೈಪ್ ಮಾಡಿ ಹುಡುಕುವುದಿಲ್ಲ. ಬ್ರ್ಯಾಂಡ್, ಮಾಡೆಲ್, ಅಳತೆ, ಬಗೆ, ಜೊತೆಗೆ ಏನಿದೆ, ಸ್ಥಿತಿ ಹೇಗಿದೆ. ಹುಡುಕುವುದು ಇವನ್ನೇ. ನನ್ನ ಮೊದಲ ಟೈಟಲ್‌ನಲ್ಲಿ ಇವು ಯಾವುವೂ ಇರಲಿಲ್ಲ. ಹಾಗಾಗಿ ‘ಕೆ1000’ ಅಂತ ಹುಡುಕಿದ ಯಾರಿಗೂ ಅದು ಸಿಗಲೇ ಇಲ್ಲ.

ಈಬೇ ಟೈಟಲ್‌ಗೆ ಕೊಡುವುದು 80 ಅಕ್ಷರ. ಒಂದು ವಿಷಯ ಗಮನಿಸಿ: ಕನ್ನಡದಲ್ಲಿ ಬರೆದರೆ ಗುಣಿತದ ಚಿಹ್ನೆ, ಒತ್ತು ಎಲ್ಲವನ್ನೂ ಕಂಪ್ಯೂಟರ್ ಬೇರೆ ಬೇರೆ ಸಂಕೇತಗಳಾಗಿಯೇ ಇಟ್ಟುಕೊಂಡಿರುತ್ತದೆ. ‘ಕ್ಯಾಮೆರಾ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್‌ಗೆ ಎಂಟು. ಹಾಗಾಗಿ ಜಾಗ ಬೇಗ ಮುಗಿಯುತ್ತದೆ. ಎರಡನೇ ಸಲ ನಾನು ಬರೆದದ್ದು ಇದು:

> ಪೆಂಟ್ಯಾಕ್ಸ್ ಕೆ1000 35ಎಂಎಂ ಫಿಲ್ಮ್ ಕ್ಯಾಮೆರಾ, 50ಎಂಎಂ ಎಫ್/2 ಲೆನ್ಸ್, ಮೀಟರ್ ಸರಿಯಿದೆ

ಕಂಪ್ಯೂಟರ್ ಲೆಕ್ಕದಲ್ಲಿ 77. ಕೊನೆಯ ಎರಡು ಪದ ನೋಡಿ. ಈ ಕ್ಯಾಮೆರಾ ಗೊತ್ತಿರುವವರಿಗೆ ಮೊದಲು ಬರುವ ಅನುಮಾನವೇ ಮೀಟರ್‌ನದ್ದು. ಅದಕ್ಕೆ ಉತ್ತರ ಟೈಟಲ್‌ನಲ್ಲೇ ಸಿಕ್ಕಿತು. ನಿಮ್ಮ ವಸ್ತುವಿಗೂ ಇಂಥದ್ದೊಂದು ಮೊದಲ ಪ್ರಶ್ನೆ ಇರುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಬ್ಯಾಟರಿ, ಗ್ರಾಮಫೋನ್ ರೆಕಾರ್ಡ್‌ಗೆ ಗೀರು, ಶೂಗೆ ಸೈಜ್. ಅದನ್ನು ಟೈಟಲ್‌ಗೆ ತನ್ನಿ.

ಕಾಗುಣಿತ ಎರಡು ಸಲ ನೋಡಿ. ತಪ್ಪು ಸ್ಪೆಲ್ಲಿಂಗ್‌ನ ಲಿಸ್ಟಿಂಗ್‌ಗಳನ್ನೇ ಬೇಕಂತ ಹುಡುಕಿ ಅಗ್ಗಕ್ಕೆ ಹೊಡೆಯುವವರಿದ್ದಾರೆ. ಬೇರೆ ಯಾರ ಕಣ್ಣಿಗೂ ಬೀಳದ ಲಿಸ್ಟಿಂಗ್‌ನಲ್ಲಿ ಅವರಿಗೆ ಎದುರಾಳಿಯೇ ಇರುವುದಿಲ್ಲ. ಇನ್ನು, ಸರ್ಚ್‌ನಲ್ಲಿ ಸಿಗಲಿ ಅಂತ ‘ನಿಕಾನ್ ಥರ’, ‘ಲೈಕಾ ಸ್ಟೈಲ್’ ಅಂತ ಬೇರೆ ಬ್ರ್ಯಾಂಡ್‌ಗಳನ್ನು ತುರುಕುವುದು ಈಬೇ ನಿಯಮಕ್ಕೆ ವಿರುದ್ಧ. ಲಿಸ್ಟಿಂಗ್ ಅನ್ನೇ ತೆಗೆದುಹಾಕಬಹುದು.

ಫೋಟೋ

ಹಗಲು ಹೊತ್ತು, ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಜಾಗ. ಹಿಂದೆ ಒಂದು ಬಿಳಿ ಅಥವಾ ಬೂದು ಬಟ್ಟೆ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಫೋಟೋ ಮೇಲೆ ಅಕ್ಷರ ಬರೆಯುವುದು, ಚೌಕಟ್ಟು ಹಾಕುವುದು ಈಬೇಯಲ್ಲಿ ನಿಷಿದ್ಧ. ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಲೇಬೇಕು. 1600 ಇದ್ದರೆ ಕೊಳ್ಳುವವರು ದೊಡ್ಡದು ಮಾಡಿ ನೋಡಬಹುದು. ಇವತ್ತಿನ ಯಾವ ಫೋನಾದರೂ ಅಷ್ಟು ಕೊಡುತ್ತದೆ.

ಮೊದಲ ಫೋಟೋದಲ್ಲಿ ವಸ್ತು ಇಡೀ ಚೌಕ ತುಂಬಿರಲಿ. ಸರ್ಚ್ ಪಟ್ಟಿಯಲ್ಲಿ ಅದು ಅಂಚೆಚೀಟಿಯಷ್ಟೇ ಕಾಣುತ್ತದೆ. ಆಮೇಲೆ ಆರೂ ಬದಿ, ಸೀರಿಯಲ್ ನಂಬರ್, ಒಳಭಾಗ, ಜೊತೆಗೆ ಕೊಡುವ ಎಲ್ಲ ವಸ್ತುಗಳು ಒಟ್ಟಿಗೆ. ಕೊನೆಗೆ ದೋಷಗಳು. ಒಂದೊಂದು ಗೀರಿಗೂ ಒಂದೊಂದು ಹತ್ತಿರದ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು. ‘ಸಣ್ಣ ಗೀರು’ ಅಂತ ಬರೆದರೆ ಓದುವವರ ತಲೆಯಲ್ಲಿ ಅದು ದೊಡ್ಡದಾಗಿ ಬೆಳೆಯುತ್ತದೆ. ಸ್ಕೇಲ್ ಪಕ್ಕ 4 ಮಿಲಿಮೀಟರ್ ಅಂತ ಕಂಡರೆ ಅಲ್ಲಿಗೆ ಮುಗಿಯಿತು. ಇನ್ನೊಬ್ಬರ ಫೋಟೋ, ಕಂಪನಿಯ ಜಾಹೀರಾತಿನ ಫೋಟೋ ಬಳಸಿದರೆ ‘ಇವರ ಹತ್ತಿರ ವಸ್ತು ಇದೆಯೋ ಇಲ್ಲವೋ’ ಅನ್ನುವ ಅನುಮಾನ ಮೊದಲು ಹುಟ್ಟುತ್ತದೆ.

ವಿವರಣೆ: ಒಂದೊಂದೇ ಅನುಮಾನ ಕಳೆಯುವುದು

ಬಹುಪಾಲು ಜನ ಓದುವುದು ಫೋನಿನಲ್ಲಿ. ಅಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತವೆ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ‘ನಮ್ಮ ಲಿಸ್ಟಿಂಗ್‌ಗೆ ಸ್ವಾಗತ’ ಅಂತ ಶುರು ಮಾಡಬೇಡಿ. ವಸ್ತು ಏನು, ಕೆಲಸ ಮಾಡುತ್ತದೆಯೇ, ಏನೇನು ಸಿಗುತ್ತದೆ. ಈ ಮೂರು ಮೊದಲ ಸಾಲುಗಳಲ್ಲೇ ಬರಲಿ. ಎರಡನೇ ಸಲ ನಾನು ಬರೆದದ್ದು ಹೀಗಿತ್ತು:

> ಪೆಂಟ್ಯಾಕ್ಸ್ ಕೆ1000, 50ಎಂಎಂ ಎಫ್/2 ಲೆನ್ಸ್ ಜೊತೆ. ಶಟರ್ ಎಲ್ಲ ವೇಗದಲ್ಲೂ ಬೀಳುತ್ತದೆ, ಮೀಟರ್ ಬೆಳಕಿಗೆ ಸ್ಪಂದಿಸುತ್ತದೆ. ಕ್ಯಾಮೆರಾ, ಲೆನ್ಸ್, ಮುಚ್ಚಳ, ಪಟ್ಟಿ ಸೇರಿ ನಾಲ್ಕು ವಸ್ತು ಕಳಿಸುತ್ತೇನೆ.
>
> ಪರೀಕ್ಷೆ: ಹೊಸ ಬ್ಯಾಟರಿ ಹಾಕಿ ನೋಡಿದ್ದೇನೆ. ಒಂದು ರೋಲ್ ಫಿಲ್ಮ್ ತೆಗೆದು ತೊಳೆಸಿದ್ದೇನೆ, 36 ಚಿತ್ರವೂ ಸರಿಯಾಗಿ ಬಂದಿವೆ. ಎರಡು ಚಿತ್ರ ಫೋಟೋಗಳಲ್ಲಿವೆ.
>
> ದೋಷಗಳು: ಹಿಂದಿನ ಬಾಗಿಲಿನ ಫೋಮ್ ಅಂಟಂಟಾಗಿದೆ. ಈಗ ಬೆಳಕು ಸೋರುತ್ತಿಲ್ಲ, ಆದರೆ ಬೇಗ ಬದಲಿಸಬೇಕು. ತಳದಲ್ಲಿ 4 ಮಿಲಿಮೀಟರ್ ಗೀರು (7ನೇ ಫೋಟೋ). ಲೆನ್ಸ್ ಒಳಗೆ ಧೂಳಿನ ಕಣಗಳಿವೆ, ಫಂಗಸ್ ಇಲ್ಲ (ಟಾರ್ಚ್ ಬಿಟ್ಟು ತೆಗೆದ 9ನೇ ಫೋಟೋ ನೋಡಿ).
>
> ಇದಕ್ಕೆ ಆಫ್ ಸ್ವಿಚ್ ಇಲ್ಲ. ಬಳಸದಿದ್ದಾಗ ಲೆನ್ಸ್‌ಗೆ ಮುಚ್ಚಳ ಹಾಕಿಡಿ, ಬ್ಯಾಟರಿ ಉಳಿಯುತ್ತದೆ.

ಕೊನೆಯ ಸಾಲು ಮಾರಾಟಕ್ಕೆ ಬೇಕಾದದ್ದೇ ಅಲ್ಲ. ಆದರೂ ಉಳಿಸಿಕೊಂಡೆ. ಈ ಮಾರುವವರು ಕ್ಯಾಮೆರಾವನ್ನು ನಿಜವಾಗಿ ಬಳಸಿದ್ದಾರೆ ಅನ್ನುವುದು ಹತ್ತು ವಿಶೇಷಣಗಳಿಗಿಂತ ಆ ಸಾಲಿನಲ್ಲಿ ಜಾಸ್ತಿ ಗೊತ್ತಾಗುತ್ತದೆ.

ದೋಷದ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ಹೆಚ್ಚಿನವರು ಹಿಂಜರಿಯುವುದು ಇಲ್ಲೇ. ದೋಷ ಬರೆದರೆ ಬೆಲೆ ಬೀಳುತ್ತದೆ ಅಂತ ಭಯ. ಬರೆಯದಿದ್ದರೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ಇದನ್ನೇ ವಿವರಿಸಿದ್ದರು. ಕೊಳ್ಳುವವರಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗದಿದ್ದರೆ ಎಲ್ಲದಕ್ಕೂ ಅರೆಮನಸ್ಸಿನ ಬೆಲೆಯನ್ನೇ ಹೇಳುತ್ತಾರೆ. ಒಳ್ಳೆಯ ಕಾರಿನವರು ಬೇಸತ್ತು ಮಾರುಕಟ್ಟೆಯಿಂದಲೇ ಎದ್ದುಹೋಗುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ವಸ್ತುವನ್ನು ಮುಟ್ಟಿ ನೋಡುವಂತೆಯೂ ಇಲ್ಲ. ನೀವು ಹೇಳದೆ ಬಿಟ್ಟ ಕಡೆಯೆಲ್ಲ ಓದುವವರು ಕೆಟ್ಟದ್ದನ್ನೇ ತುಂಬಿಕೊಳ್ಳುತ್ತಾರೆ.

‘ಟೆಸ್ಟ್ ಮಾಡಿಲ್ಲ’ ಅನ್ನುವ ಮಾತು ಇದರಲ್ಲಿ ಅತಿ ಕೆಟ್ಟದ್ದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅನುಭವಸ್ಥರು ಅದನ್ನು ‘ಟೆಸ್ಟ್ ಮಾಡಿದೆ, ಕೆಟ್ಟಿದೆ’ ಅಂತಲೇ ಓದುತ್ತಾರೆ. ಪರೀಕ್ಷಿಸಲು ಸಾಧ್ಯವೇ ಇಲ್ಲದಿದ್ದರೆ ಕಾರಣ ಹೇಳಿ: ‘ನನ್ನ ಹತ್ತಿರ ಇದರ ಕೇಬಲ್ ಇಲ್ಲ, ಹಾಗಾಗಿ ಆನ್ ಮಾಡಿ ನೋಡಿಲ್ಲ. ಒಳಗಡೆ ತುಕ್ಕು ಇಲ್ಲ, ಫೋಟೋ ನೋಡಿ.’ ಅದೇ ರೀತಿ, ‘100% ಒರಿಜಿನಲ್, ಖಂಡಿತ ಮೋಸ ಇಲ್ಲ, ನಂಬಿ’ ಅಂತ ದಪ್ಪಕ್ಷರದಲ್ಲಿ ಬರೆಯುವವರನ್ನು ನೋಡಿದಾಗ ನನಗೆ ನೆನಪಾಗುವುದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಅಸಲಿ ಅನ್ನುವುದಕ್ಕೆ ಬಿಲ್, ಸೀರಿಯಲ್ ನಂಬರ್, ಹೊಲಿಗೆಯ ಹತ್ತಿರದ ಫೋಟೋ ಸಾಕು.

ಕೆಟ್ಟುಹೋದ ವಸ್ತುವಿಗೂ ಬೇಕು ಅನ್ನುವವರು ಇರುತ್ತಾರೆ. ಪಿಯರ್ ಒಮಿಡ್ಯಾರ್ 1995ರಲ್ಲಿ ‘ಆಕ್ಷನ್‌ವೆಬ್’ ಅನ್ನುವ ಹೆಸರಿನಲ್ಲಿ ಶುರು ಮಾಡಿದ ತಾಣವೇ ಮುಂದೆ ಈಬೇ ಆಯಿತು. ಅಲ್ಲಿ ಮಾರಾಟವಾದ ಮೊದಲ ವಸ್ತು ಅವರದೇ ಒಂದು ಕೆಟ್ಟ ಲೇಸರ್ ಪಾಯಿಂಟರ್. ಹೋದದ್ದು 14.83 ಡಾಲರ್‌ಗೆ. ‘ಇದು ಕೆಟ್ಟಿದೆ ಅಂತ ಗೊತ್ತು ತಾನೆ?’ ಅಂತ ಅವರೇ ಕೊಂಡವರನ್ನು ಕೇಳಿದರಂತೆ. ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆ ಅಂತ ಉತ್ತರ ಬಂತು. ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಬರೆದರೆ ಬಿಡಿಭಾಗ ಬೇಕಾದವರು, ರಿಪೇರಿ ಮಾಡುವವರು ಬರುತ್ತಾರೆ. ಮುಚ್ಚಿಟ್ಟರೆ ಬರುವುದು ವಾಪಸ್ ಪಾರ್ಸಲ್.

ವಸ್ತುವಿನ ಹಿಂದಿನ ಕಥೆ? ಒಂದು ಸಾಲು ಸಾಕು. ‘ಒಬ್ಬರೇ ಬಳಸಿದ್ದು, ಹತ್ತು ವರ್ಷ ಡಬ್ಬಿಯಲ್ಲೇ ಇತ್ತು’ ಅನ್ನುವುದು ಸ್ಥಿತಿಯ ಬಗ್ಗೆ ಏನೋ ಹೇಳುತ್ತದೆ. ಅದನ್ನು ಬಿಟ್ಟು ಕೊಡಲು ನಿಮಗೆ ಎಷ್ಟು ಸಂಕಟವಾಗುತ್ತಿದೆ ಅನ್ನುವುದು ಯಾರಿಗೂ ಬೇಡ.

ಬೆಲೆ, ದಿನ, ಗಂಟೆ

ಆರಂಭದ ಬೆಲೆ ಕಡಿಮೆ ಇಟ್ಟರೆ ಜನ ಬೇಗ ಸೇರುತ್ತಾರೆ, ಒಮ್ಮೆ ಬಿಡ್ ಹಾಕಿದವರು ಮತ್ತೆ ಬಂದು ನೋಡುತ್ತಾರೆ. ಆದರೆ ಇದು ಇಬ್ಬರಾದರೂ ಬಂದೇ ಬರುತ್ತಾರೆ ಅನ್ನುವ ಖಾತ್ರಿ ಇರುವ ವಸ್ತುವಿಗೆ ಮಾತ್ರ. ತೀರಾ ಕಮ್ಮಿ ಜನ ಹುಡುಕುವ ವಸ್ತುವಾದರೆ, ನಷ್ಟವಾಗದ ಬೆಲೆಯಿಂದಲೇ ಶುರು ಮಾಡಿ. ರಿಸರ್ವ್ ಬೆಲೆ ಅಂತ, ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅನ್ನುವ ಗುಟ್ಟಿನ ಮಿತಿ ಇಡುವ ಸೌಲಭ್ಯವೂ ಇದೆ. ನನಗದು ಇಷ್ಟವಿಲ್ಲ. ‘ರಿಸರ್ವ್ ಮುಟ್ಟಿಲ್ಲ’ ಅಂತ ಕಂಡ ಕೂಡಲೇ ಎರಡನೆಯವರು ಸುಮ್ನೆ ಎದ್ದುಹೋಗುತ್ತಾರೆ.

ಅವಧಿ ಏಳು ದಿನ ಇಟ್ಟರೆ ಒಂದು ವಾರಾಂತ್ಯ ಖಂಡಿತ ಸಿಗುತ್ತದೆ. ಮುಗಿಯುವ ಗಂಟೆ ನೋಡಿಕೊಳ್ಳಿ. ನಿಮ್ಮ ಗಂಟೆ ಅಲ್ಲ, ಕೊಳ್ಳುವವರ ಗಂಟೆ. ಅವರು ಎಚ್ಚರವಾಗಿ, ಬಿಡುವಾಗಿ, ಫೋನ್ ಕೈಯಲ್ಲಿ ಹಿಡಿದು ಕೂತಿರುವ ಹೊತ್ತು.

ಐದನೇ ದಿನ ಬಿಡ್ ಕಡಿಮೆ ಇದೆ ಅಂತ ಗಾಬರಿ ಬೇಡ. ಬಹಳ ಜನ ಕೊನೆಯ ನಿಮಿಷಕ್ಕೇ ಕಾಯುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಬೇ ಮತ್ತು ಆಗಿನ ಅಮೆಜಾನ್ ಹರಾಜುಗಳನ್ನು ಹೋಲಿಸಿದ್ದರು. ಅಮೆಜಾನ್‌ನಲ್ಲಿ ಕೊನೆಯಲ್ಲಿ ಬಿಡ್ ಬಂದರೆ ಸಮಯ ಮುಂದಕ್ಕೆ ಹೋಗುತ್ತಿತ್ತು, ಈಬೇಯಲ್ಲಿ ಗಂಟೆ ಹೊಡೆದರೆ ಮುಗಿಯಿತು. ಕೊನೆ ಗಳಿಗೆಯ ಬಿಡ್‌ಗಳು ಈಬೇಯಲ್ಲೇ ಜಾಸ್ತಿ ಇದ್ದವು.

ಸಾಗಾಟ

ಲಿಸ್ಟಿಂಗ್ ಹಾಕುವ ಮುಂಚೆಯೇ ಪ್ಯಾಕ್ ಮಾಡಿ ತೂಗಿ. ಆಮೇಲೆ ತೂಗಿದವರು ಬಂದ ಲಾಭವನ್ನು ಕೊರಿಯರ್‌ಗೆ ಕೊಡುತ್ತಾರೆ. ದೊಡ್ಡದಾದ, ಹಗುರವಾದ ವಸ್ತುಗಳಲ್ಲಿ ಹುಷಾರು. ಅನೇಕ ಕೊರಿಯರ್‌ಗಳು ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಲೆಕ್ಕದ ತೂಕ ಅಂತ ಹಿಡಿಯುತ್ತವೆ. 40, 30, 30ರ ಡಬ್ಬಿಯಾದರೆ 7.2 ಕಿಲೋ. ಒಳಗಿರುವುದು 800 ಗ್ರಾಂನ ಲ್ಯಾಂಪ್‌ಶೇಡ್ ಆದರೂ ಬಿಲ್ 7.2 ಕಿಲೋಗೇ. ಹೇಗೆ ಪ್ಯಾಕ್ ಮಾಡುತ್ತೀರಿ, ಹಣ ಬಂದ ಎಷ್ಟು ದಿನದಲ್ಲಿ ಕಳಿಸುತ್ತೀರಿ, ವಾಪಸ್ ತೆಗೆದುಕೊಳ್ಳುತ್ತೀರಾ ಅನ್ನುವುದನ್ನು ಮೂರು ಸಾಲಿನಲ್ಲಿ ಬರೆಯಿರಿ. ‘ಪ್ರಶ್ನೆ ಕೇಳಿ ಟೈಮ್ ವೇಸ್ಟ್ ಮಾಡಬೇಡಿ’ ಅಂತ ಗದರುವ ಲಿಸ್ಟಿಂಗ್‌ಗಳಿವೆ. ಅಂಥವರಿಂದ ಕೊಳ್ಳಲು ನಿಮಗೆ ಮನಸ್ಸು ಬರುತ್ತದೆಯೇ?

ಹರಾಜು ಶುರುವಾದ ಮೇಲೆ

ಒಬ್ಬರು ಪ್ರಶ್ನೆ ಕೇಳಿದರೆ ಹತ್ತು ಜನ ಕೇಳದೆ ಹೋಗಿದ್ದಾರೆ ಅಂತ ತಿಳಿಯಿರಿ. ಅವರಿಗೆ ಉತ್ತರಿಸುವುದರ ಜೊತೆಗೆ ಅದನ್ನು ವಿವರಣೆಗೂ ಸೇರಿಸಿ. ಬಿಡ್ ಬಂದ ಮೇಲೆ ಹಳೆಯದನ್ನು ತಿದ್ದುವ ಅವಕಾಶ ಬಹಳ ಕಡಿಮೆ, ಹೊಸದಾಗಿ ಸೇರಿಸಬಹುದು ಅಷ್ಟೆ. ಹಾಗಾಗಿ ಮೊದಲ ದಿನವೇ ಫೋನಿನಲ್ಲಿ ತೆರೆದು, ಅಪರಿಚಿತರ ಕಣ್ಣಿನಿಂದ ಒಮ್ಮೆ ಓದಿ.

ಗೆಳೆಯರಿಗೆ ಹೇಳಿ ಸುಳ್ಳು ಬಿಡ್ ಹಾಕಿಸಬೇಡಿ. ತಾಣಗಳು ಖಾತೆ ಮುಚ್ಚುತ್ತವೆ, ಹಲವು ದೇಶಗಳಲ್ಲಿ ಅದು ಅಪರಾಧ ಕೂಡ. ‘ಹೊರಗಡೆ ವ್ಯವಹಾರ ಮುಗಿಸೋಣ’ ಅನ್ನುವ ಮೆಸೇಜ್‌ಗೂ ಬಗ್ಗಬೇಡಿ.

ಬಿಡ್ ಬರಲೇ ಇಲ್ಲವಾದರೆ ಅದೇ ಲಿಸ್ಟಿಂಗ್ ಅನ್ನು ಹಾಗೇ ಮತ್ತೆ ಹಾಕಬೇಡಿ. ಎಷ್ಟು ಜನ ನೋಡಿದ್ದಾರೆ ಅಂತ ನೋಡಿ. ನೋಡಿದವರೇ ಇಲ್ಲ ಅಂದರೆ ತಪ್ಪು ಟೈಟಲ್‌ನದ್ದು ಅಥವಾ ಮೊದಲ ಫೋಟೋದ್ದು. ತುಂಬಾ ಜನ ನೋಡಿದ್ದಾರೆ, ವಾಚ್ ಲಿಸ್ಟ್‌ಗೂ (ಕಣ್ಣಿಟ್ಟಿರುವ ವಸ್ತುಗಳ ಪಟ್ಟಿಗೆ) ಹಾಕಿಕೊಂಡಿದ್ದಾರೆ, ಆದರೆ ಬಿಡ್ ಇಲ್ಲ ಅಂದರೆ ಬೆಲೆ ಅಥವಾ ಸಾಗಾಟದ ಖರ್ಚು ತಡೆದಿದೆ. ನೋಡಿದ್ದಾರೆ, ಯಾರೂ ವಾಚ್ ಲಿಸ್ಟ್‌ಗೂ ಹಾಕಿಲ್ಲ ಅಂದರೆ ವಿವರಣೆ ಅವರನ್ನು ನಂಬಿಸಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಬಿಡ್ ಚೆನ್ನಾಗಿಯೇ ಬಂದು, ಗೆದ್ದವರು ಹಣ ಕೊಡದೆ ನಾಪತ್ತೆಯಾದರೆ? ಈಬೇಯಲ್ಲಿ ‘ಸೆಕೆಂಡ್ ಚಾನ್ಸ್ ಆಫರ್’ ಅಂತ ಒಂದಿದೆ. ಸೋತವರಿಗೆ, ಅವರು ಹಾಕಿದ್ದ ಅತಿ ಹೆಚ್ಚಿನ ಬಿಡ್‌ನ ಬೆಲೆಗೇ, ವಸ್ತುವನ್ನು ಕೊಡಲು ನೀವು ಮುಂದಾಗಬಹುದು. ನಿಮ್ಮ ಹತ್ತಿರ ಅಂಥದ್ದೇ ಇನ್ನೊಂದಿದ್ದರೂ ಕಳಿಸಬಹುದು. ನನ್ನ ಎರಡನೇ ಕ್ಯಾಮೆರಾದ ಹರಾಜು ಮುಗಿದ ರಾತ್ರಿ ಸೋತವರೇ ಮೆಸೇಜ್ ಹಾಕಿದ್ದರು: ‘ಫೋಮ್ ವಿಷಯ ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದು ಇದ್ದರೆ ತಿಳಿಸಿ.’ ಇತ್ತು. ಟಾರ್ಚ್ ತೆಗೆದುಕೊಂಡು ಮತ್ತೆ ಕೂತೆ.